ಅಡಾಪ್ಟ್ ಮೀ: ಎರಡು ವರ್ಷದ ಬಳಕೆ, ಒಂದು ದೊಡ್ಡ ತಕರಾರು

ಆಟವನ್ನು ಹೇಗೆ ಇಳಿಸಿಕೊಳ್ಳುವುದು ಅನ್ನೋದನ್ನೆಲ್ಲ ಬಿಡುತ್ತೇನೆ. ಮನೆಯಲ್ಲಿ ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿದ್ದರೆ ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳ ವೇದಿಕೆಯೊಳಗಿನ, ಪೆಟ್ (ಸಾಕುಪ್ರಾಣಿ) ಸಾಕಿ ಬೆಳೆಸುವ ಅಡಾಪ್ಟ್ ಮೀ ಹೆಸರು ಈಗಾಗಲೇ ಕಿವಿಗೆ ಬಿದ್ದಿರುತ್ತದೆ. ಎರಡು ಬೇಸಿಗೆ ರಜೆ, ಎರಡು ದಸರಾ ರಜೆ ದಾಟಿದ ಬಳಕೆಯ ಮೇಲೆ ಈ ವಿಮರ್ಶೆ. ಫೋನು 4 ಜಿಬಿ ರ‍್ಯಾಮ್‌ನದು, ಡೇಟಾ ದಿನಕ್ಕೆ 1.5 ಜಿಬಿ, ರೋಬಕ್ಸ್‌ಗೆ (ನಿಜವಾದ ದುಡ್ಡು ಕೊಟ್ಟು ಕೊಳ್ಳುವ ರೋಬ್ಲಾಕ್ಸ್ ನಾಣ್ಯ) ಖರ್ಚು ಮಾಡಿದ್ದು ಸೊನ್ನೆ. ದುಡ್ಡು ಹಾಕಿ ಆಡುವವರಿಗೆ ಆಟ ಬೇರೆ ಥರ ಕಾಣಬಹುದು.

ಮೊದಲು ಇಷ್ಟವಾದದ್ದು. ಈ ಆಟದ ಜೀವ ಇರುವುದು ದಿನದ ಆರೈಕೆಯಲ್ಲಿ. ಮರಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಮೈ ಕೊಳೆಯಾಗುತ್ತದೆ, ನಿದ್ದೆ ಬರುತ್ತದೆ, ಬೇಜಾರಾಗುತ್ತದೆ. ಪರದೆಯ ಮೇಲೆ ಬರುವ ಒಂದೊಂದು ಗುಂಡು ಗುರುತೂ ಒಂದು ಕೆಲಸ. ಕೆಲಸ ಮುಗಿದರೆ ಬಕ್ಸ್ (ಆಟದೊಳಗಿನ ದುಡ್ಡು) ಸಿಗುತ್ತದೆ, ಮರಿಯ ವಯಸ್ಸು ಒಂದಿಷ್ಟು ಮುಂದೆ ಹೋಗುತ್ತದೆ. ನ್ಯೂಬಾರ್ನ್, ಜೂನಿಯರ್, ಪ್ರೀ-ಟೀನ್, ಟೀನ್, ಪೋಸ್ಟ್-ಟೀನ್, ಫುಲ್ ಗ್ರೋನ್ ಎಂದು ಆರು ಹಂತ. ಕಾಮನ್, ಅಂದರೆ ಸಾಮಾನ್ಯ ಮರಿ ಬೇಗ ಬೆಳೆಯುತ್ತದೆ, ಲೆಜೆಂಡರಿ, ಅಂದರೆ ತೀರಾ ಅಪರೂಪದ ಮರಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ.

ದುಡ್ಡಿಲ್ಲದೆ ಆಡುವವರು ಮನೆಯೊಳಗೆ ಒಂದೇ ಕೋಣೆಯಲ್ಲಿ ತೊಟ್ಟಿಲು, ಸ್ನಾನದ ತೊಟ್ಟಿ, ಊಟದ ಬಟ್ಟಲು, ನೀರಿನ ಬಟ್ಟಲು, ಒಂದು ಪಿಯಾನೋ ಇಷ್ಟನ್ನೂ ಒತ್ತೊತ್ತಾಗಿ ಇಟ್ಟುಕೊಳ್ಳಬೇಕು. ಪಿಯಾನೋ ಯಾಕೆಂದರೆ, ಬೇಜಾರಿನ ಗುರುತು ಬಂದಾಗಲೆಲ್ಲ ಆಟದ ಮೈದಾನದವರೆಗೆ ಓಡುವುದು ತಪ್ಪುತ್ತದೆ. ಶಾಲೆಗೆ ಹೋಗುವ ಕೆಲಸ ಬಂದಾಗ ಅಲ್ಲೇ ಸಿಗುವ ಪುಕ್ಕಟೆ ಸೇಬನ್ನು ಕೈಗೆತ್ತಿಕೊಂಡರೆ ಹಸಿವಿನ ಖರ್ಚೂ ಉಳಿಯುತ್ತದೆ. ಆಡುವವರು ತಾವೂ ಮಗುವಿನ ವೇಷಕ್ಕೆ ಬದಲಾದರೆ ಅವರಿಗೂ ಇಂಥವೇ ಕೆಲಸ ಬರುತ್ತವೆ. ಮರಿಯನ್ನೂ ತಮ್ಮನ್ನೂ ಒಟ್ಟಿಗೆ ಮಲಗಿಸಿ ಒಂದೇ ಹೊತ್ತಿನಲ್ಲಿ ಎರಡು ಸಂಪಾದನೆ. ಗಳಿಕೆ ಹೆಚ್ಚಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಆದರೂ ತುಂಬಾ ಮಕ್ಕಳು ದೊಡ್ಡವರ ವೇಷದಲ್ಲೇ ಆಡುತ್ತಾರೆ. ಇನ್ನೊಂದು: ಮರಿಯನ್ನು ಮಲಗಿಸಿ ಫೋನ್ ಪಕ್ಕಕ್ಕಿಟ್ಟು ಊಟಕ್ಕೆ ಕೂತರೆ, 20 ನಿಮಿಷ ಪರದೆ ಮುಟ್ಟದಿದ್ದಾಗ ರೋಬ್ಲಾಕ್ಸ್ ತಾನಾಗಿಯೇ ಹೊರಗೆ ಹಾಕುತ್ತದೆ. ಅದು ನೆಟ್‌ವರ್ಕ್ ದೋಷ ಅಲ್ಲ.

ಮರಿ ಹೊರಬರುವ ಮೊಟ್ಟೆಯ ಲೆಕ್ಕವೂ ಮಕ್ಕಳಿಗೆ ಗೊತ್ತಿರಲಿ. ಕ್ರ್ಯಾಕ್ಡ್ ಎಗ್ 350 ಬಕ್ಸ್, ಪೆಟ್ ಎಗ್ 600, ರಾಯಲ್ ಎಗ್ 1450. ಲೆಜೆಂಡರಿ ಬರುವ ಸಾಧ್ಯತೆ ಕ್ರ್ಯಾಕ್ಡ್‌ನಲ್ಲಿ ನೂರಕ್ಕೆ ಒಂದೂವರೆ, ಪೆಟ್ ಎಗ್‌ನಲ್ಲಿ 3, ರಾಯಲ್‌ನಲ್ಲಿ 8. ಮೂರು ರಾಯಲ್ ಒಡೆದರೂ ಲೆಜೆಂಡರಿ ಬರಲಿಲ್ಲ ಎಂದು ಅಳುವ ಮಗುವಿಗೆ ಈ 8ರ ಲೆಕ್ಕವನ್ನು ಹುಣಸೆಬೀಜದಲ್ಲಿ ತೋರಿಸಿ. ನೂರು ಬೀಜದಲ್ಲಿ ಎಂಟಕ್ಕೆ ಬಣ್ಣ ಹಚ್ಚಿ ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ಒಂದು ತೆಗೆಯಲು ಹೇಳಿ. ನಾಲ್ಕೈದು ಸಲ ತೆಗೆಯುವಷ್ಟರಲ್ಲಿ ಅರ್ಥವಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ಮಧ್ಯಾಹ್ನ ಫೋನ್ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ರೋಬ್ಲಾಕ್ಸ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಮೋಡನ್ನು ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ತಂದು, ಕೆಳಗಿನ ಗೆರೆಯನ್ನು ಎರಡಕ್ಕೋ ಮೂರಕ್ಕೋ ಇಳಿಸಿ. ದೂರದ ಮರಗಳು ಕಾಣುವುದಿಲ್ಲ, ಆದರೆ ಆಟ ತಡವರಿಸುವುದು ನಿಲ್ಲುತ್ತದೆ. ಚಾರ್ಜಿಗೆ ಹಾಕಿಕೊಂಡು ಆಡುವುದಂತೂ ಬೇಡ. ಟ್ರೇಡ್ (ಇನ್ನೊಬ್ಬ ಆಟಗಾರರ ಜೊತೆ ಪೆಟ್, ವಸ್ತುಗಳ ಅದಲುಬದಲು) ನಡುವೆ ಫೋನ್ ಕೈಕೊಟ್ಟರೆ ನಷ್ಟವೇನೂ ಇಲ್ಲ, ಒಬ್ಬರು ಹೊರಬಿದ್ದ ಕೂಡಲೇ ಆ ಟ್ರೇಡ್ ರದ್ದಾಗುತ್ತದೆ, ಇಬ್ಬರ ವಸ್ತುವೂ ಅವರವರ ಹತ್ತಿರವೇ ಉಳಿಯುತ್ತದೆ.

ಸಾಹಸದ ಭಾಗ ಚಿಕ್ಕದು. ಮಿನಿವರ್ಲ್ಡ್ಸ್, ಲೋನ್ಲಿಪೀಕ್, ಕೋಸ್ಟಲ್ ಕ್ಲೈಂಬ್, ಪಿರಮಿಡ್ ಎಂಬ ಜಿಗಿದು ದಾಟುವ ಆಟಗಳಿವೆ. ಇಬ್ಬರು ಮೂವರು ಮಕ್ಕಳು ಒಂದೇ ಸರ್ವರ್‌ಗೆ ಬಂದು ಪಂದ್ಯ ಕಟ್ಟಿದರೆ ಒಂದು ಸಂಜೆ ಚೆನ್ನಾಗಿ ಕಳೆಯುತ್ತದೆ.

ಹಬ್ಬದ ಕಾಲಕ್ಕೆ ಆಟದ ಕಳೆಯೇ ಬೇರೆ. ಅಕ್ಟೋಬರ್‌ನಲ್ಲಿ ಹ್ಯಾಲೋವೀನ್ ಮಿಠಾಯಿ, ಡಿಸೆಂಬರ್‌ನಲ್ಲಿ ಜಿಂಜರ್‌ಬ್ರೆಡ್, ಇವೇ ಹಬ್ಬದ ಅಂಗಡಿಯಲ್ಲಿ ನಡೆಯುವ ನಾಣ್ಯ, ಜೊತೆಗೆ ದಿನಕ್ಕೊಂದು ಬಾಗಿಲು ತೆರೆಯುವ ಅಡ್ವೆಂಟ್ ಕ್ಯಾಲೆಂಡರ್. ಹ್ಯಾಲೋವೀನ್ ಬರುವ ಹೊತ್ತಿಗೆ ನಮ್ಮಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ, ದೀಪಾವಳಿ ಆಸುಪಾಸಿನಲ್ಲೇ ಇರುತ್ತದೆ, ಮಕ್ಕಳಿಗೆ ಹೊಂದುತ್ತದೆ. ಹೊಂದದಿರುವುದು ಗಡಿಯಾರ. ಹೊಸ ಅಪ್‌ಡೇಟ್ ಸಾಮಾನ್ಯವಾಗಿ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 8ಕ್ಕೆ ಬಿಡುತ್ತಾರೆ. ಅಂದರೆ ನಮಗೆ ರಾತ್ರಿ 8:30, ಅವರ ಚಳಿಗಾಲದಲ್ಲಿ 9:30. ಆ ಹೊತ್ತಿಗೆ ಸರ್ವರ್ ಕಿಕ್ಕಿರಿದಿರುತ್ತದೆ. ಮರುದಿನ ಆಡಿದರೆ ಏನೂ ತಪ್ಪಿಹೋಗುವುದಿಲ್ಲ, ಅಂಗಡಿ ಹಲವು ದಿನ ತೆರೆದೇ ಇರುತ್ತದೆ.

ಬೇಕಾದ ಪೆಟ್‌ನ ಬೆಲೆ, ಹಬ್ಬ ಮುಗಿಯುವ ತಾರೀಖು ಎರಡನ್ನೂ ಮೊದಲ ದಿನವೇ ಬರೆದಿಟ್ಟು ಭಾಗಿಸಿ. ಪೆಟ್‌ಗೆ 12,000 ಮಿಠಾಯಿ, ಉಳಿದದ್ದು 20 ದಿನ ಎಂದಿಟ್ಟುಕೊಂಡರೆ ದಿನಕ್ಕೆ 600. ಮೊದಲ ಎರಡು ದಿನ ಆಡಿ ನೋಡಿದಾಗ ಒಂದು ಗಂಟೆಗೆ ಅಷ್ಟು ಬಾರದಿದ್ದರೆ ಆ ಪೆಟ್ ಆಸೆ ಅಲ್ಲಿಗೇ ಬಿಟ್ಟು ಚಿಕ್ಕದನ್ನು ಹಿಡಿಯಬೇಕು. ಕೊನೆಯ ಮೂರು ದಿನ ರಾತ್ರಿಯಿಡೀ ಆಡಿ ಹೊಂದಿಸೋಣ ಅನ್ನುವ ಲೆಕ್ಕ ಮಗುವಿಗೂ ಒಳ್ಳೆಯದಲ್ಲ, ದಿನದ ಡೇಟಾಕ್ಕೂ ಸಾಲದು.

ನನ್ನ ಅಸಮಾಧಾನ ಶುರುವಾಗುವುದೂ ಈ ಹಬ್ಬಗಳಿಂದಲೇ. 2019ರ ಹ್ಯಾಲೋವೀನ್‌ನಲ್ಲಿ ಬ್ಯಾಟ್ ಡ್ರ್ಯಾಗನ್ 1,80,000 ಮಿಠಾಯಿಗೆ, ಈವಿಲ್ ಯೂನಿಕಾರ್ನ್ 1,08,000ಕ್ಕೆ ಸಿಗುತ್ತಿದ್ದವು. ಅದೇ ವರ್ಷದ ಕ್ರಿಸ್ಮಸ್‌ಗೆ ಫ್ರಾಸ್ಟ್ ಡ್ರ್ಯಾಗನ್ 1000 ರೋಬಕ್ಸ್. ಆ ಅಂಗಡಿ ಮುಚ್ಚಿದ ಮೇಲೆ ಈಗ ಆಡುವ ಮಗುವಿಗೆ ಇವು ಸಿಗಬೇಕಾದರೆ ಟ್ರೇಡ್ ಒಂದೇ ದಾರಿ. ಇವುಗಳಿಗೆ ಆಟದವರು ನಿಗದಿ ಮಾಡಿದ ಬೆಲೆ ಇಲ್ಲ. ಹೊರಗಿನವರು ನಡೆಸುವ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬೆಲೆ ತಿಳಿಯದ ಮಗು, ಆಸೆ ದೊಡ್ಡದು, ಎದುರಿಗಿರುವವರು ಯಾರೋ ಅಪರಿಚಿತರು. ಮೋಸಕ್ಕೆ ಇಷ್ಟು ಸಾಕು.

ಟ್ರೇಡ್ ಕಿಟಕಿಯ ಬಗ್ಗೆ ಮಾತ್ರ ದೂರಿಲ್ಲ, ಅದನ್ನು ಕಾಳಜಿಯಿಂದ ಮಾಡಿದ್ದಾರೆ. ಇಬ್ಬರೂ ವಸ್ತು ಇಟ್ಟು ಒಪ್ಪಿದ ಮೇಲೆ ಎರಡನೇ ಪರದೆ ಬರುತ್ತದೆ, ಅಲ್ಲಿ ಮತ್ತೊಮ್ಮೆ ಖಚಿತಪಡಿಸಬೇಕು. ನಡುವೆ ಯಾರಾದರೂ ಏನನ್ನಾದರೂ ಬದಲಿಸಿದರೆ ಕೊಟ್ಟ ಒಪ್ಪಿಗೆ ಅಳಿಸಿಹೋಗಿ ಕೆಲವು ಸೆಕೆಂಡು ಕಾಯಬೇಕು. ತೂಕ ತುಂಬಾ ಒಂದೇ ಕಡೆ ವಾಲಿದ್ದರೆ ಎಚ್ಚರಿಕೆ ಬರುತ್ತದೆ. ಮುಗಿದ ಟ್ರೇಡ್‌ಗಳ ಚರಿತ್ರೆ ಉಳಿಯುತ್ತದೆ, ಅಲ್ಲಿಂದಲೇ ದೂರು ಕೊಡಬಹುದು. ಅಲ್ಟ್ರಾ-ರೇರ್, ಲೆಜೆಂಡರಿ ಪೆಟ್‌ಗಳನ್ನು ಟ್ರೇಡ್ ಮಾಡಲು ಮೋಸ ಗುರುತಿಸುವ ಪ್ರಶ್ನೆಗಳಿಗೆ ಉತ್ತರಿಸಿ ಲೈಸೆನ್ಸ್ ಪಡೆಯಬೇಕು.

ಎರಡನೇ ಪರದೆಯಲ್ಲಿ ಮಗು ನೋಡಬೇಕಾದದ್ದು ಪೆಟ್‌ನ ಮುಖವನ್ನಲ್ಲ, ಅದರ ಮೇಲಿನ ಪುಟ್ಟ ಅಕ್ಷರಗಳನ್ನು. ಎಫ್ ಎಂದರೆ ಹಾರುವ, ಆರ್ ಎಂದರೆ ಸವಾರಿ ಮಾಡುವ, ಎನ್ ಎಂದರೆ ನಿಯಾನ್ (ನಾಲ್ಕು ಪೆಟ್ ಕೂಡಿಸಿ ಮಾಡಿದ ಹೊಳೆಯುವ ಪೆಟ್), ಎಂ ಎಂದರೆ ಮೆಗಾ ನಿಯಾನ್ (ನಾಲ್ಕು ನಿಯಾನ್ ಕೂಡಿಸಿದ್ದು). ಹಾರುವ ಮದ್ದಿಗೇ 295 ರೋಬಕ್ಸ್, ಸವಾರಿ ಮದ್ದಿಗೆ 150, ಆದ್ದರಿಂದ ಈ ಅಕ್ಷರ ಇದ್ದಕ್ಕೂ ಇಲ್ಲದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ಮೊದಲು ಎನ್‌ಎಫ್‌ಆರ್ ಇಟ್ಟು, ಮಾತಾಡುತ್ತಾ ಅದನ್ನು ತೆಗೆದು ಅದೇ ಜಾತಿಯ ಬರಿ ಮರಿ ಇಡುವುದು ಹಳೆಯ ಕೈಚಳಕ. "ಬೇಗ ಒತ್ತು, ನಾನು ಹೋಗಬೇಕು" ಎಂದು ಯಾರಾದರೂ ಅವಸರ ಮಾಡಿದರೆ ಡಿಕ್ಲೈನ್ ಒತ್ತುವುದೇ ಸರಿ.

ನನ್ನ ದೊಡ್ಡ ತಕರಾರು ಇರುವುದು ನಿಯಾನ್ ಪದ್ಧತಿಯ ಮೇಲೆ. ಒಂದು ನಿಯಾನ್ ಆಗಲು ಒಂದೇ ಜಾತಿಯ ನಾಲ್ಕು ಫುಲ್ ಗ್ರೋನ್ ಪೆಟ್ ಬೇಕು, ನಾಲ್ಕೂ ಒಬ್ಬರದೇ ಖಾತೆಯಲ್ಲಿರಬೇಕು. ನಿಯಾನ್ ಗುಹೆಯ ನಾಲ್ಕು ವೃತ್ತಗಳ ಮೇಲೆ ಇಟ್ಟರೆ ನಾಲ್ಕೂ ಹೋಗಿ ಮೈ ಹೊಳೆಯುವ ಒಂದು ಬರುತ್ತದೆ. ಆ ನಿಯಾನನ್ನು ಮತ್ತೆ ಮರಿಯಿಂದ ಲುಮಿನಸ್ ಎಂಬ ಕೊನೆಯ ಹಂತದವರೆಗೆ ಬೆಳೆಸಿ, ಅಂಥ ನಾಲ್ಕನ್ನು ಕೂಡಿಸಿದರೆ ಮೆಗಾ. ಒಂದು ಮೆಗಾಕ್ಕೆ ಒಟ್ಟು 16 ಪೆಟ್. ಮೂರು ಇರುವ ಮಗುವಿಗೆ ನಾಲ್ಕನೆಯದು ಯಾರ ಹತ್ತಿರವೋ ಕಾಣುತ್ತದೆ. ಮೋಸಗಾರ ಬರುವುದು ಸರಿಯಾಗಿ ಆ ಗಳಿಗೆಯಲ್ಲಿ: "ನನ್ನ ಹತ್ತಿರ ಒಂದಿದೆ, ನಿನ್ನ ಮೂರನ್ನು ಕೊಡು, ನಿಯಾನ್ ಮಾಡಿ ನಿನಗೇ ಕೊಡುತ್ತೇನೆ." ಇದಕ್ಕೆ ಟ್ರಸ್ಟ್ ಟ್ರೇಡ್ ಎಂದು ಹೆಸರು. ಕಿಟಕಿಯಲ್ಲಿ ಆ ಕಡೆ ಖಾಲಿ, ಎಚ್ಚರಿಕೆಯೂ ಬರುತ್ತದೆ, ಮಗು ಎರಡು ಸಲ ಒಪ್ಪಿಗೆ ಒತ್ತುತ್ತದೆ. ಅಷ್ಟು ಭದ್ರವಾದ ಕಿಟಕಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಮಾತು ನಡೆದದ್ದು ಕಿಟಕಿಯ ಹೊರಗೆ.

ಲೈಸೆನ್ಸ್ ಪಡೆದ ಮಕ್ಕಳೂ ಇದಕ್ಕೆ ಬೀಳುತ್ತಾರೆ. ಕಾರಣ, ಈ ವ್ಯವಹಾರವನ್ನು ಅವರು ಮೊದಲು ಕಲಿಯುವುದು ಮನೆಯಲ್ಲೇ. ಚಿತ್ರದುರ್ಗದ ಚಿಕ್ಕಪ್ಪನ ಮಗ ರಜೆಗೆ ದಾವಣಗೆರೆಗೆ ಬರುತ್ತಾನೆ, ಇಬ್ಬರೂ ಒಂದೇ ಮಂಚದ ಮೇಲೆ ಕೂತು "ನಿನ್ನದು ಕೊಡು, ಕೂಡಿ ನಿಯಾನ್ ಮಾಡೋಣ" ಅನ್ನುತ್ತಾರೆ. ಅಲ್ಲಿ ಮೋಸ ಇರುವುದಿಲ್ಲ, ವಾಪಸ್ ಬರುತ್ತದೆ. ಮುಂದಿನ ಸಲ ಅದೇ ಮಾತು ಅಪರಿಚಿತರಿಂದ ಬಂದಾಗ ಮಗುವಿಗೆ ಅದು ಗೊತ್ತಿರುವ ರೂಢಿಯಂತೆಯೇ ಕೇಳಿಸುತ್ತದೆ. ಹಾಗಾಗಿ ಅಣ್ಣತಮ್ಮಂದಿರ ನಡುವೆಯೂ ಕಿಟಕಿಯ ನಿಯಮವನ್ನೇ ಪಾಲಿಸಬೇಕು.

ಹೇಗೆಂದರೆ: ನಿಯಾನ್ ಆದ ಮೇಲೆ ಕೊಟ್ಟ ಪೆಟ್ ಇರುವುದೇ ಇಲ್ಲ, ಅದು ಕರಗಿ ಹೋಗಿರುತ್ತದೆ. "ಕೂಡಿ ಮಾಡೋಣ" ಎಂಬುದು ನಿಜದಲ್ಲಿ ಮಾರಾಟ. ಆದ್ದರಿಂದ ನಾಲ್ಕನೆಯ ಪೆಟ್ ಕೊಡುವವನಿಗೆ ಅದರ ಬದಲು ಏನು ಬೇಕು ಎಂದು ಮೊದಲು ತೀರ್ಮಾನಿಸಿ, ಆ ವಸ್ತುವನ್ನೂ ಅದೇ ಕಿಟಕಿಯಲ್ಲಿ, ಅದೇ ಟ್ರೇಡ್‌ನಲ್ಲಿ ಇಡಬೇಕು. ಒಂದೆರಡು ದಿನ ಹಾರಿಸಿ ಕೊಡುತ್ತೇನೆ ಎಂದು ಡ್ರ್ಯಾಗನ್ ಕೇಳಿದರೆ ಅಷ್ಟೇ ಬೆಲೆಯದ್ದು ಅಡವು ಬೀಳಬೇಕು. ನಮ್ಮ ಎಪಿಎಂಸಿಯಲ್ಲಿ ತೂಕದ ಚೀಟಿ ಕೈಗೆ ಬರುವ ಮುಂಚೆ ಮೆಕ್ಕೆಜೋಳದ ಲಾರಿ ಬಿಟ್ಟುಕೊಡುವ ರೈತ ಯಾರಿದ್ದಾರೆ? ಈ ಊರಿನ ಮಕ್ಕಳಿಗೆ ಹೀಗೆ ಹೇಳಿದರೆ ತಟ್ಟನೆ ಹಿಡಿಸುತ್ತದೆ.

ಇನ್ನೂ ಮೂರು ಬಗೆಯ ಬಲೆಗಳಿವೆ, ಚಿಕ್ಕದಾಗಿ ಹೇಳುತ್ತೇನೆ. ಒಂದು, ಬೇರೆ ಆಟದ ವಸ್ತು ಅಥವಾ ಯುಪಿಐ ದುಡ್ಡಿನ ಜೊತೆ ಅದಲುಬದಲು. ಒಂದೇ ಕಿಟಕಿಯಲ್ಲಿ ಎರಡೂ ಕೂರುವುದಿಲ್ಲ, ಯಾರೋ ಒಬ್ಬರು ಮೊದಲು ಕೊಡಲೇಬೇಕು, ಮೊದಲು ಕೊಟ್ಟವರು ಕಳೆದುಕೊಳ್ಳುತ್ತಾರೆ. ಎರಡು, ಪುಕ್ಕಟೆ ರೋಬಕ್ಸ್ ಕೊಂಡಿ. ರೋಬ್ಲಾಕ್ಸ್ ಪುಟದಂತೆಯೇ ಕಾಣುವ ನಕಲಿ ಪುಟ ಪಾಸ್‌ವರ್ಡ್ ಕೇಳುತ್ತದೆ. ಮೂರು, "ಬ್ರೌಸರಿನಲ್ಲಿ ಈ ಕೋಡ್ ಅಂಟಿಸು, ಪೆಟ್ ಎರಡಾಗುತ್ತದೆ" ಅನ್ನುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಲಾಗಿನ್ ಕುಕೀ (ಬ್ರೌಸರಿನಲ್ಲಿ ಉಳಿಯುವ ಲಾಗಿನ್ ಗುರುತು) ಅವರ ಕೈಗೆ ಹೋದರೆ ಪಾಸ್‌ವರ್ಡ್ ಇಲ್ಲದೆಯೇ ಖಾತೆಯೊಳಗೆ ಬರುತ್ತಾರೆ. ಹಾಗೆ ಆಗಿದ್ದರೆ ಕೂಡಲೇ ಪಾಸ್‌ವರ್ಡ್ ಬದಲಿಸಿ, ಸೆಕ್ಯೂರಿಟಿ ಸೆಟ್ಟಿಂಗ್‌ನಲ್ಲಿ ಉಳಿದೆಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಹೋದ ಪೆಟ್ ಮರಳಿ ಬರುತ್ತದೆಂದು ನಂಬಿ ಕೂರಬೇಡಿ.

ದೊಡ್ಡವರು ಮಾಡಬೇಕಾದ್ದು ಅರ್ಧ ಗಂಟೆಯ ಕೆಲಸ. ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಡಿ. ವಯಸ್ಸು ಹೆಚ್ಚು ಹಾಕಿದರೆ 13ರೊಳಗಿನವರಿಗೆ ಇರುವ ಚಾಟ್ ನಿರ್ಬಂಧಗಳು ತಪ್ಪಿಹೋಗುತ್ತವೆ. ಈಗ ಚಾಟ್ ಬಳಸಲು ಮುಖ ತೋರಿಸಿ ವಯಸ್ಸು ಪರೀಕ್ಷಿಸುವ ಕ್ರಮವೂ ಬಂದಿದೆ, ಅಲ್ಲಿ ಮಗುವಿನ ಬದಲು ಅಣ್ಣನ ಮುಖ ತೋರಿಸಬೇಡಿ. ನಿಮ್ಮದೇ ಒಂದು ಪೋಷಕರ ಖಾತೆ ತೆರೆದು ಮಗುವಿನ ಖಾತೆಗೆ ಜೋಡಿಸಿ, ಅಲ್ಲಿಂದ ತಿಂಗಳ ಖರ್ಚಿನ ಮಿತಿಯನ್ನು ಸೊನ್ನೆಗೆ ಇಡಿ, ದಿನದ ಆಟದ ಹೊತ್ತನ್ನೂ ಕಟ್ಟಿ. ಎರಡು ಹಂತದ ಪರಿಶೀಲನೆ ನಿಮ್ಮ ಇಮೇಲ್‌ಗೆ ಬರಲಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಮನೆಯ ಫೋನು ಒಂದೇ ಆಗಿದ್ದರೆ ಇದು ಬಿಡಲೇಬಾರದು.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಆರೈಕೆಗೆ, ಹಬ್ಬಕ್ಕೆ ಪೂರ್ತಿ ಅಂಕ, ಕಡಿದದ್ದು ನಿಯಾನ್‌ಗೆ. ಇಬ್ಬರು ಗೆಳೆಯರು ಎರಡೆರಡು ಪೆಟ್ ತಂದು, ಬದಲಿಗೆ ಯಾರಿಗೆ ಏನು ಎಂದು ಮೊದಲೇ ನಮೂದಿಸಿ ಗುಹೆಯಲ್ಲಿ ಕೂಡಿಸಲು ಒಂದು ಕಿಟಕಿ ಕೊಟ್ಟರೆ, ಉಳಿದ ಒಂದೂವರೆಯಲ್ಲಿ ಒಂದನ್ನು ಆ ದಿನವೇ ಸೇರಿಸುತ್ತೇನೆ.