ಥರ್ಮೋಸ್ಟಾಟಿಕ್ ರೇಡಿಯೇಟರ್ ವಾಲ್ವ್: ಆರು ಚಳಿಗಾಲ ಬಳಸಿದ ಮೇಲೆ

ಒಂದು ಕೋಣೆ ಕಾದ ಹಂಚಿನಂತೆ, ಪಕ್ಕದ್ದು ತಣ್ಣಗೆ. ಬಾಯ್ಲರ್‌ನಲ್ಲಿ ಕಾದ ನೀರು ಪ್ರತಿ ಕೋಣೆಯ ರೇಡಿಯೇಟರ್‌ನಲ್ಲಿ ಹರಿದು ಬೆಚ್ಚಗಾಗುವ ಮನೆಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಮದ್ದೆಂದು, ಕೋಣೆಯ ಬಿಸಿ ನೋಡಿ ತಾನೇ ನೀರು ತಡೆಯುವ ಈ ವಾಲ್ವ್ ಕೊಳ್ಳುವವರು ಒಂದು ಮಾತು ಮೊದಲೇ ತಿಳಿದಿರಬೇಕು. ಕೋಣೆ ಅತಿಯಾಗಿ ಕಾಯದಂತೆ ತಡೆಯುವುದಷ್ಟೇ ಇದರ ಕೆಲಸ. ಬಾಯ್ಲರ್‌ಗೆ ಹತ್ತಿರದ ಕೋಣೆಗಳು ಬೆಚ್ಚಗಾಗಿ ಅಲ್ಲಿನ ವಾಲ್ವ್ ಮುಚ್ಚಿಕೊಂಡ ಮೇಲೆಯೇ ದೂರದ ರೇಡಿಯೇಟರ್‌ಗೆ ಸರಿಯಾಗಿ ನೀರು ಹರಿಯುವುದು. ಅಷ್ಟು ಹೊತ್ತು ಕಾಯುವುದು ಬೇಡವೆಂದರೆ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಮುಚ್ಚಳದಡಿ ಇರುವ, ನೀರಿನ ಹರಿವನ್ನು ಮಿತಿಗೊಳಿಸುವ ಲಾಕ್‌ಶೀಲ್ಡ್ ವಾಲ್ವನ್ನು ಹದಗೊಳಿಸಲೇಬೇಕು.

ಮೊದಲು ಎಲ್ಲ ವಾಲ್ವ್‌ಗಳನ್ನೂ ಪೂರ್ತಿ ತೆರೆದು, ತಣ್ಣಗಿರುವ ವ್ಯವಸ್ಥೆಯನ್ನು ಚಾಲೂ ಮಾಡಿ ಯಾವ ರೇಡಿಯೇಟರ್ ಯಾವ ಸರದಿಯಲ್ಲಿ ಕಾಯುತ್ತದೆಂದು ಬರೆದಿಟ್ಟುಕೊಳ್ಳಿ. ಬಾಯ್ಲರ್ ನಿಲ್ಲಿಸಿ, ತಣಿಯಲು ಬಿಡಿ. ಮತ್ತೆ ಹಚ್ಚಿದಾಗ, ಎಲ್ಲಕ್ಕಿಂತ ಬೇಗ ಕಾದದ್ದರ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆಯಿರಿ. ಒಳಬರುವ, ಹೊರಹೋಗುವ ಎರಡೂ ಪೈಪುಗಳಿಗೆ ಥರ್ಮಾಮೀಟರ್ ಸಿಕ್ಕಿಸಿ ನೋಡಿ. ಹಳೆಯ ಮಾದರಿಯ ಬಾಯ್ಲರ್ ಆದರೆ ಸುಮಾರು 11 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಸಾಕು. ಹೊಗೆಯ ಬಿಸಿಯನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್ ಆದರೆ 20ರ ಹತ್ತಿರಕ್ಕೆ ತರಬಹುದು. ವ್ಯತ್ಯಾಸ ಕಡಿಮೆಯಿದ್ದರೆ ಇನ್ನಷ್ಟು ಮುಚ್ಚಿ, ಹೆಚ್ಚಿದ್ದರೆ ತುಸು ತೆರೆಯಿರಿ. ಪ್ರತಿ ಸಲ ತಿರುಗಿಸಿದ ಮೇಲೆ ಹತ್ತು ಹದಿನೈದು ನಿಮಿಷ ಕಾಯದಿದ್ದರೆ ಅಳತೆ ದಾರಿ ತಪ್ಪಿಸುತ್ತದೆ. ಇದೇ ಸರದಿಯಲ್ಲಿ ಮುಂದುವರಿಯಿರಿ. ಕೊನೆಯದ್ದು ಸಾಮಾನ್ಯವಾಗಿ ಪೂರ್ತಿ ತೆರೆದೇ ಉಳಿಯುತ್ತದೆ. ಎಷ್ಟು ಸುತ್ತು ತೆರೆದಿರೆಂದು ಗುರುತು ಹಾಕಿಡಿ, ಬಣ್ಣ ಬಳಿಯಲು ರೇಡಿಯೇಟರ್ ಬಿಚ್ಚಿದಾಗ ಬೇಕಾಗುತ್ತದೆ.

ಹೀಗೆ ಹದ ಮಾಡಿದ ಮೇಲೆ ಈ ವಾಲ್ವ್ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ವಾಲ್ವಿನ ತಲೆಯನ್ನು, ಅಂದರೆ ಅಂಕಿಗಳಿರುವ ತಿರುಗಣೆಯನ್ನು, 3ರಲ್ಲಿಟ್ಟರೆ ಕೋಣೆ 20 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ತಲೆಯ ಮೇಲೆ ಕಿಟಕಿಯ ಪರದೆ ಇಳಿಬಿದ್ದರೆ ಮಾತ್ರ ಅಲ್ಲಿನ ಬಿಸಿಗಾಳಿಯನ್ನೇ ಕೋಣೆಯ ಗಾಳಿಯೆಂದು ಲೆಕ್ಕ ಹಾಕಿ ಬೇಗ ಮುಚ್ಚಿಕೊಳ್ಳುತ್ತದೆ. ಬಾಯ್ಲರನ್ನು ಹಚ್ಚಿ ನಿಲ್ಲಿಸುವ ಗೋಡೆಯ ಮುಖ್ಯ ಥರ್ಮೋಸ್ಟಾಟ್ ಇರುವ ಕೋಣೆಗೆ ಇದನ್ನು ಹಾಕಬೇಡಿ. ವಾಲ್ವ್ ಮುಚ್ಚಿ ಆ ಕೋಣೆ ಬೆಚ್ಚಗಾಗದಿದ್ದರೆ ಬಾಯ್ಲರ್ ಉರಿಯುತ್ತಲೇ ಇರುತ್ತದೆ.

ದೊಡ್ಡ ಕೊರತೆಯೆಂದರೆ ಪಿನ್ ಅಂಟಿಕೊಳ್ಳುವುದು. ತಲೆಯೊಳಗಿನ ಮೇಣ ಅಥವಾ ದ್ರವ ಕಾದು ಹಿಗ್ಗಿದಾಗ ಪಿನ್ ಒಳಗೊತ್ತಿ ನೀರು ನಿಲ್ಲುತ್ತದೆ, ತಣಿದಾಗ ಸ್ಪ್ರಿಂಗ್ ಅದನ್ನು ಹೊರದೂಡುತ್ತದೆ. ಬೇಸಿಗೆಯುದ್ದಕ್ಕೂ ಮುಚ್ಚಿಟ್ಟರೆ ಪಿನ್ ಒಳಗೇ ಸಿಕ್ಕಿಕೊಂಡು, ಚಳಿ ಬಂದಾಗ ಆ ಒಂದು ರೇಡಿಯೇಟರ್ ಬಿಸಿಯಾಗುವುದೇ ಇಲ್ಲ. ತಲೆಯನ್ನು 5ಕ್ಕೆ ತಿರುಗಿಸಿ, ಬಿಚ್ಚಿ, ಸ್ಪ್ಯಾನರಿನ ಚಪ್ಪಟೆ ಬದಿಯಿಂದ ಪಿನ್ನನ್ನು ಮೆಲ್ಲಗೆ ಒತ್ತಿ ಬಿಡಿ. ಕೆಲವು ಮಿಲಿಮೀಟರ್ ಒಳಹೋಗಿ ತಾನೇ ಪುಟಿದು ಬಂದರೆ ಸರಿಯಾಯಿತು. ಇಕ್ಕಳದಿಂದ ಎಳೆಯಬೇಡಿ: ಪಿನ್ ಕಿತ್ತು ಬಂದರೆ ನೀರು ಚಿಮ್ಮುತ್ತದೆ. ಬೇಸಿಗೆಯಲ್ಲಿ ವಾಲ್ವನ್ನು ಪೂರ್ತಿ ತೆರೆದಿಟ್ಟರೆ ಈ ಕಾಟ ಬಹಳ ಕಡಿಮೆಯಾಗುತ್ತದೆ.

ಕೊಳ್ಳುವ ಮುಂಚೆ ರೇಡಿಯೇಟರಿನ ಮೇಲೆ ಕೈಯಿಟ್ಟು ನೋಡಿ. ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಪಂಪ್ ನಿಲ್ಲಿಸಿ, ಬ್ಲೀಡ್ ಕೀಲಿಯಿಂದ ಗಾಳಿ ಬಿಟ್ಟು, ಮೇಲ್ತೊಟ್ಟಿಯಿಲ್ಲದೆ ಒತ್ತಡದಲ್ಲಿ ನಡೆಯುವ ಮುಚ್ಚಿದ ವ್ಯವಸ್ಥೆಯಾದರೆ ಒತ್ತಡವನ್ನು ತಣ್ಣಗಿರುವಾಗ 1ರಿಂದ 1.5 ಬಾರ್‌ಗೆ ತನ್ನಿ. ಕೆಳಗಿನ ನಡುಭಾಗ ತಣ್ಣಗಿದ್ದರೆ ಅದು ಕಬ್ಬಿಣದ ತುಕ್ಕಿನ ಕಪ್ಪು ಕೆಸರು. ಅದನ್ನು ತೊಳೆಸದೆ ಹೊಸ ವಾಲ್ವ್ ಹಾಕಿಸಿದರೆ ಹಣ ದಂಡ.