"ರೆಸಿನ್ ಅಂದ್ರೆ ಹೀಗೇ ಸರ್" ಅಂದರೆ ನಂಬಬೇಡಿ

ಸೈನಿಕರ ಸ್ಕೇಲ್ ಬೊಂಬೆ ಜೋಡಿಸಿ ಬಣ್ಣ ಹಚ್ಚುವ ಹುಚ್ಚು ಇರುವವರಿಗೆ, ಅದರಲ್ಲೂ ಈಗಷ್ಟೇ ರೆಸಿನ್ (ಎರಡು ದ್ರವ ಬೆರೆಸಿ ಅಚ್ಚಿಗೆ ಎರೆದರೆ ಗಟ್ಟಿಯಾಗುವ ಪ್ಲಾಸ್ಟಿಕ್) ಕಿಟ್‌ಗೆ ಕೈ ಹಾಕುತ್ತಿರುವವರಿಗೆ ಈ ಮಾತು. ಆನ್‌ಲೈನಿನಲ್ಲಿ ಅಸಲಿ ಬೆಲೆಯ ಮೂರನೇ ಒಂದು ಪಾಲಿಗೆ "ಒರಿಜಿನಲ್ಲೇ, ಡಬ್ಬ ಮಾತ್ರ ಇಲ್ಲ" ಎಂದು ಕಿಟ್ ಮಾರುವವರು ಸಿಗುತ್ತಾರೆ. ಅದು ರೀಕಾಸ್ಟ್ ಆಗಿರುವ ಸಾಧ್ಯತೆಯೇ ಜಾಸ್ತಿ. ಅಂದರೆ ಯಾರೋ ಒಂದು ಅಸಲಿ ಬೊಂಬೆ ಕೊಂಡು, ಅದರ ಮೇಲೆ ಸಿಲಿಕೋನ್ ಅಚ್ಚು ತೆಗೆದು, ಮನೆಯಲ್ಲೇ ರೆಸಿನ್ ಎರೆದು ಮಾಡಿದ ಕಳ್ಳ ನಕಲು.

ನಾನು ತರಿಸಿದ್ದು 75 ಮಿಲಿಮೀಟರಿನ ಟಿಪ್ಪು ಸೈನಿಕ. ಮೂರನೇ ಮೈಸೂರು ಯುದ್ಧದ ಹೊತ್ತಿನಲ್ಲಿ ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್ ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಚಿತ್ರವೊಂದಿದೆ ನೋಡಿ, ಸೈನಿಕನೊಬ್ಬ ರಾಕೆಟ್ಟನ್ನೇ ಬಾವುಟದ ಕೋಲು ಮಾಡಿಕೊಂಡು ನಿಂತಿರೋದು. ಅದೇ ಭಂಗಿ. ಹುಲಿಪಟ್ಟೆಯ ಅಂಗಿ ಬೇರೆ. ನಮ್ಮೂರ ಕಡೆಯ ಸೈನಿಕ, ಕೈಯಲ್ಲಿ ರಾಕೆಟ್ಟು. ಬಿಡೋಕೆ ಮನಸ್ಸು ಬರುತ್ತಾ?

ಪಾರ್ಸೆಲ್ ತೆಗೆದರೆ ಒಂದು ಜಿಪ್‌ಲಾಕ್ ಕವರು, ಒಳಗೆ ಹಳದಿ ಮಿಶ್ರಿತ ಬಿಳಿ ತುಂಡುಗಳು. ಮೂಗಿಗೆ ಹೊಡೆಯುವ ವಾಸನೆ. ಮುಟ್ಟಿದರೆ ಬೆರಳಿಗೆ ಅಂಟಂಟು. ರೆಸಿನ್‌ನ ಎರಡು ದ್ರವಗಳನ್ನು ಸರಿಯಾದ ಅಳತೆಗೆ ಬೆರೆಸದಿದ್ದರೆ ಅದು ಪೂರ್ತಿ ಗಟ್ಟಿಯಾಗದೆ ಹೀಗೇ ಉಳಿಯುತ್ತೆ. ಪಾತ್ರೆ ತೊಳೆಯುವ ಸೋಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ. ಬಿಸಿಲಿಗೂ ಇಟ್ಟೆ. ಆಮೇಲೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್ ಹೊಡೆದು, ಒಣಗಿದ ಮೇಲೆ ಬೆನ್ನಿನ ಕಡೆ ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ ಎಳೆದೆ. ಪ್ರೈಮರ್ ಟೇಪಿನ ಜೊತೆಗೇ ಬಂತು.

ಮಾರಿದವನಿಗೆ ಫೋಟೋ ಕಳಿಸಿದರೆ ತಕ್ಷಣ ಉತ್ತರ: "ಸರ್, ರೆಸಿನ್ ಅಂದ್ರೆ ಹೀಗೇ. ಸ್ವಲ್ಪ ಉಜ್ಜಿ, ಎಂ-ಸೀಲ್ ತುಂಬಿ, ಸರಿಹೋಗುತ್ತೆ."

ನನಗೆ ಸಿಟ್ಟು ತರಿಸಿದ್ದು ಈ ಮಾತು. ಹೋದ ದುಡ್ಡು ಆಮೇಲಿನ ವಿಷಯ. ಅಸಲಿ ಕಿಟ್‌ನಲ್ಲೂ ಉಜ್ಜುವ ಕೆಲಸ ಇರುತ್ತೆ, ನಿಜ. ಅಚ್ಚಿನ ಗೆರೆ ಕೆರೆಯಬೇಕು, ಎರೆದ ಕಡೆಯ ಗಟ್ಟಿ ತುಂಡು ಗರಗಸದಲ್ಲಿ ಕೊಯ್ಯಬೇಕು, ಬಾಗಿದ ಕೋಲನ್ನು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಬೇಕು. ಆದರೆ ಇಲ್ಲದ ವಿವರವನ್ನು ಉಜ್ಜಿ ತರೋಕಾಗುತ್ತಾ? ಮೊದಲ ಸಲ ರೆಸಿನ್ ಹಿಡಿದವರು ಈ ಮಾತು ನಂಬುತ್ತಾರೆ. ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಬ್ರಷ್ ಕೆಳಗಿಡುತ್ತಾರೆ. ಹಾಗೆ ಹವ್ಯಾಸವನ್ನೇ ಬಿಟ್ಟವರನ್ನು ನಾನು ಬಲ್ಲೆ.

ಗೆಳೆಯರೊಬ್ಬರ ಹತ್ತಿರ ಇದೇ ಬೊಂಬೆಯ ಅಸಲಿ ಇತ್ತು. ಎರಡನ್ನೂ ಟೇಬಲ್ ಲ್ಯಾಂಪಿನ ಕೆಳಗೆ ಅಕ್ಕಪಕ್ಕ ಇಟ್ಟು ನೋಡಿದೆವು. ಅಳತೆಯಲ್ಲಿ ನನ್ನದು ತುಸು ಕುಳ್ಳ. ಎರೆದಾಗ ಅಚ್ಚೂ ರೆಸಿನ್ನೂ ಒಂಚೂರು ಕುಗ್ಗುತ್ತವೆ. ನಕಲಿನಿಂದ ಮತ್ತೆ ನಕಲು ತೆಗೆದರೆ ಇನ್ನಷ್ಟು. ಎಲ್ಲ ತುಂಡೂ ಒಂದೇ ಸಮ ಕುಗ್ಗೋದಿಲ್ಲವಲ್ಲ, ಅದಕ್ಕೇ ನನ್ನ ಸೈನಿಕನ ಕತ್ತು ಕಾಲರಿನೊಳಗೆ ಲೊಡಲೊಡ ಅಲ್ಲಾಡುತ್ತಿತ್ತು.

ಮುಖ ನೋಡಿದರೆ ಪಾಪ ಅನಿಸಬೇಕು. ಈ ಅಳತೆಯಲ್ಲಿ ಒಂದು ಕಣ್ಣು ಒಂದೂವರೆ ಮಿಲಿಮೀಟರ್ ಕೂಡ ಬರೋದಿಲ್ಲ. ಅಸಲಿಯಲ್ಲಿ ಅಷ್ಟರಲ್ಲೇ ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ, ಮಧ್ಯೆ ಗುಡ್ಡೆಯ ಉಬ್ಬು ಎಲ್ಲ ಬೇರೆ ಬೇರೆ ಕಾಣುತ್ತೆ. ಬ್ರಷ್ ತುದಿಗೆ ಹಿಡಿದುಕೊಳ್ಳಲು ಒಂದು ಅಂಚು ಸಿಗುತ್ತೆ. ನನ್ನದರಲ್ಲಿ ಕಣ್ಣಿದ್ದ ಜಾಗ ಕರಗಿದ ಮೇಣದ ಹಾಗೆ ನುಣುಪು. ಎಡಗೆನ್ನೆಯಲ್ಲಿ ಗಾಳಿಗುಳ್ಳೆ ಒಡೆದ ತೂತು. ಒಳ್ಳೆ ಕಂಪನಿಯವರು ನಿರ್ವಾತದಲ್ಲೋ ಒತ್ತಡದ ಪಾತ್ರೆಯಲ್ಲೋ ಇಟ್ಟು ಗುಳ್ಳೆ ಹೋಗಿಸುತ್ತಾರೆ, ಇವನಿಗೆ ಅದೆಲ್ಲಿ ಬೇಕು. ಅಂಗಿಯ ನೆರಿಗೆಯೂ ಸವೆದುಹೋಗಿತ್ತು. ತೆಳು ಬಣ್ಣದ ವಾಷ್ ಕೊಟ್ಟರೆ ನೆರಿಗೆಯ ಆಳದಲ್ಲಿ ನಿಲ್ಲಬೇಕು, ಆಗಲೇ ನೆರಳು ಕಾಣೋದು. ಇಲ್ಲಿ ಎಲ್ಲೂ ನಿಲ್ಲದೆ ಜಾರಿ ಬುಡದಲ್ಲಿ ಮಡುಗಟ್ಟಿತು. ನೆರಿಗೆ ಇಲ್ಲದ ಬಟ್ಟೆ ಮೇಲೆ ಹುಲಿಪಟ್ಟೆ ಬರೆದರೆ ಗೋಡೆಗೆ ಗೆರೆ ಎಳೆದಂತೆ ಅಷ್ಟೇ.

ರಾಕೆಟ್ಟಿನ ಕಥೆ ಬೇರೆ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೇ ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟು ಸಿಕ್ಕವಲ್ಲ, ಅವುಗಳ ಕಬ್ಬಿಣದ ಕೊಳವೆ ಸುಮಾರು 23ರಿಂದ 26 ಸೆಂಟಿಮೀಟರ್ ಉದ್ದ. 75 ಮಿಲಿಮೀಟರಿನ ಬೊಂಬೆ ಅಂದರೆ ಹೆಚ್ಚೂಕಡಿಮೆ 1:24, ಅಂದರೆ ನಿಜವಾದ ಅಳತೆಯ ಇಪ್ಪತ್ನಾಲ್ಕನೇ ಒಂದು ಪಾಲು. ಹಾಗಾಗಿ ಕೊಳವೆ 1 ಸೆಂಟಿಮೀಟರಿನ ಆಸುಪಾಸು ಬರಬೇಕು. ನನಗೆ ಬಂದಿದ್ದು ಚಪ್ಪಟೆಯಾದ ಯಾವುದೋ ಗಡ್ಡೆ, ಅದಕ್ಕೊಂದು ಸೊಟ್ಟ ಕೋಲು. ಎರಡನ್ನೂ ಎಸೆದು, ಪೆನ್ನಿನ ಹಿತ್ತಾಳೆ ರೀಫಿಲ್ ಕತ್ತರಿಸಿ ಕೊಳವೆ ಮಾಡಿದೆ. ಕೋಲಿಗೆ ಊದುಬತ್ತಿಯ ಕಡ್ಡಿ. ನಿಜವಾದ ರಾಕೆಟ್ಟಿನ ಕೋಲಿನ ಹಾಗೆ ಅದೂ ಬಿದಿರೇ ಅಲ್ವಾ. ಇಡೀ ಬೊಂಬೆಯಲ್ಲಿ ನೋಡುವ ಹಾಗಿರೋದು ಅದೊಂದೇ.

ಕೊಳ್ಳುವ ಮುಂಚೆ ಬಣ್ಣ ಹಚ್ಚದ ತುಂಡುಗಳ ಫೋಟೋ ಕೇಳಿ. ಡಬ್ಬದ ಮೇಲಿನ ಚಿತ್ರ ಬೇಡ, ಅದು ಕಂಪನಿಯವರು ಪಳಗಿದ ಕೈಯಿಂದ ಬಣ್ಣ ಹಚ್ಚಿಸಿದ ಅಸಲಿಯದ್ದು. ಮುಖ ಮತ್ತು ಬೆರಳುಗಳನ್ನು ಹತ್ತಿರದಿಂದ ತೆಗೆದು ಕಳಿಸಿ ಅನ್ನಿ. "ಸ್ಟಾಕ್ ಗೋಡೌನಲ್ಲಿದೆ ಸರ್" ಅಂತ ಜಾರಿಕೊಂಡರೆ ಅಲ್ಲಿಗೆ ಬಿಟ್ಟುಬಿಡಿ. ತಯಾರಿಸುವ ಕಂಪನಿಗೇ ಒಂದು ಇಮೇಲ್ ಹಾಕಿ, ಈತ ನಿಮ್ಮ ಡೀಲರಾ ಅಂತ ಕೇಳಿದರೂ ಆಗುತ್ತೆ. ಪಾರ್ಸೆಲ್ ಬಿಚ್ಚುವಾಗ ಸುಮ್ನೆ ವಿಡಿಯೋ ಮಾಡಿಟ್ಟುಕೊಳ್ಳಿ. ದುಡ್ಡು ವಾಪಸ್ ಕೇಳಲು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಅದು ಬೇಕಾಗುತ್ತೆ.

ಮನೆಗೆ ಬಂದೇಬಿಟ್ಟಿದ್ದರೆ, ಅಂಟಂಟು ಇರುವುದನ್ನು ನೀರಿಲ್ಲದೆ ಉಜ್ಜಬೇಡಿ. ರೆಸಿನ್ ಧೂಳು ಎದೆಗೆ ಕೆಟ್ಟದ್ದು. ಮಾಸ್ಕ್ ಹಾಕಿ, ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿ. ಮನೆಯಲ್ಲಿ ಮಕ್ಕಳಿದ್ದರೆ ಆ ತುಂಡು ಅವರ ಕೈಗೆ ಸಿಗದ ಹಾಗೆ ಇಡಿ.

ನನಗೆ ಅರ್ಧ ದುಡ್ಡು ವಾಪಸ್ ಬಂತು, ಅದೂ "ಇನ್ನು ರಿವ್ಯೂ ಹಾಕಬೇಡಿ" ಎಂಬ ಷರತ್ತಿನ ಮೇಲೆ. ಷರತ್ತಿಗೆ ನಾನು ಒಪ್ಪಿರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಮೊನ್ನೆ ನೋಡಿದರೆ ಅದೇ ಬೊಂಬೆ ಹೊಸ ಅಂಗಡಿ ಹೆಸರಿನಲ್ಲಿ ಮತ್ತೆ ಮಾರಾಟಕ್ಕಿದೆ. ಬೆಲೆ ಇನ್ನೂರು ರೂಪಾಯಿ ಜಾಸ್ತಿ. ಫೋಟೋ ಮಾತ್ರ ಅದೇ ಹಳೇದು.