ಆಯಿಲ್ ಕೂಲರ್ ಬದಲಿಸುವ ಮುಂಚೆ ಒಮ್ಮೆ ಕಾರಿನ ಕೆಳಗೆ ಬಗ್ಗಿ ನೋಡಿ

ನನ್ನ ಹತ್ತಿರ 1988ರ ಮಾಜ್ದಾ ಆರ್‌ಎಕ್ಸ್-7 ಟರ್ಬೊ ಇದೆ. ಆರ್‌ಎಕ್ಸ್ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗುವುದು ಯಮಹಾ ಆರ್‌ಎಕ್ಸ್ 100. ಅದಕ್ಕೂ ಇದಕ್ಕೂ ನಂಟೇನಿಲ್ಲ. ಆದರೆ ಎರಡೂ ಆಯಿಲ್ ಕುಡಿಯುವ ಜಾತಿ, ಅಷ್ಟು ನಿಜ. ನನ್ನ ಕಾರು ಮೂವತ್ತು ಸೆಕೆಂಡಿನಲ್ಲಿ ಇದ್ದಬದ್ದ ಆಯಿಲ್ಲನ್ನೆಲ್ಲ ರಸ್ತೆಗೆ ಕುಡಿಸಿತು. ಆ ಕಥೆ ಹೇಳುತ್ತೇನೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲೋ ಆಸ್ಟ್ರೇಲಿಯಾದಲ್ಲೋ ಹಳೇ ರೋಟರಿ ಕಾರು ಇಟ್ಟುಕೊಂಡಿರುವ ನಮ್ಮವರು ಯಾರಾದರೂ ಇದ್ದರೆ ನಾನು ಮಾಡಿದ್ದನ್ನು ಮಾಡಬೇಡಿ.

ನನ್ನ ಕಾರಿನದು ರೋಟರಿ ಇಂಜಿನ್, ಅದು ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಪಿಸ್ಟನ್ ಇಲ್ಲ. ನಡು ಸ್ವಲ್ಪ ಒಳಕ್ಕೆ ಹೋದ ಮೊಟ್ಟೆಯಾಕಾರದ ಗೂಡಿನೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತದೆ. ನನ್ನ 13ಬಿ ಇಂಜಿನ್ನಿನಲ್ಲಿ ಅಂಥವು ಎರಡು, ಒಟ್ಟು 1308 ಸಿಸಿ. ಹೊರಗಿನ ಗೂಡನ್ನು ನೀರು ತಣ್ಣಗಿಡುತ್ತದೆ. ಒಳಗೆ ಸುತ್ತುವ ರೋಟರ್‌ಗೆ ನೀರು ಮುಟ್ಟುವುದಿಲ್ಲ, ಅದನ್ನು ಒಳಗಿನಿಂದ ಆಯಿಲ್ಲೇ ತಣ್ಣಗೆ ಮಾಡಬೇಕು. ಹೊರಗೆ ಹೋಗಬೇಕಾದ ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಆಯಿಲ್ ಹೊರುತ್ತದೆ ಅಂತ ಲೆಕ್ಕ. ಹಾಗಾಗಿ ಬೇರೆ ಕಾರಿನಲ್ಲಿ ಆಯಿಲ್ ಕೂಲರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇದರಲ್ಲಿ ಅದು ಎರಡನೇ ರೇಡಿಯೇಟರ್ ಇದ್ದಹಾಗೆ.

ನಾನು ಕೊಂಡಾಗಲೇ ಕಾರು ಹೈವೇಯಲ್ಲಿ ಬಿಸಿಯಾಗುತ್ತಿತ್ತು. ಊರೊಳಗೆ ಸರಿ, ನೂರು ಕಿಲೋಮೀಟರ್ ವೇಗ ದಾಟಿ ಏರು ಹತ್ತಿಸಿದರೆ ರೇಡಿಯೇಟರ್ ನೀರಿನ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತಿತ್ತು. ರೋಟರಿ ಅಲ್ವಾ, ಆಯಿಲ್ ಬಿಸಿಯಾಗುತ್ತಿರಬೇಕು, ಹಳೇ ಕೂಲರ್ ಸತ್ತಿರಬೇಕು ಅಂತ ನಾನೇ ತೀರ್ಮಾನ ಮಾಡಿದೆ. ಆಯಿಲ್ ಎಷ್ಟು ಬಿಸಿಯಾಗಿದೆ ಅಂತ ಅಳೆದೆನಾ? ಇಲ್ಲ. ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಗೇಜ್ ಇದೆ, ಆಯಿಲ್ ಬಿಸಿ ತೋರಿಸುವ ಗೇಜ್ ಇಲ್ಲ.

ಆನ್‌ಲೈನಿನಲ್ಲಿ 140 ಡಾಲರಿಗೆ ಒಂದು ಕಿಟ್ ಸಿಕ್ಕಿತು. 'ಎಲ್ಲಾ ಕಾರಿಗೂ ಹೊಂದುತ್ತದೆ' ಅಂತ ಬರೆದಿದ್ದರು. ಎಲ್ಲಕ್ಕೂ ಹೊಂದುವ ಚಪ್ಪಲಿ ಯಾರ ಕಾಲಿಗೂ ಸರಿಯಾಗಿ ಕೂರುವುದಿಲ್ಲ, ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆಯುವ ಕೂಲರ್, ಸ್ಟೀಲ್ ಹೆಣಿಗೆಯ ಹೋಸ್, ನೀಲಿ-ಕೆಂಪು ಫಿಟ್ಟಿಂಗ್. ನೋಡೋಕೆ ರೇಸ್ ಕಾರಿನದೇ ಸಾಮಾನು.

ಮೊದಲ ತಪ್ಪು ಬಿಚ್ಚುವಾಗಲೇ ಆಯಿತು. ಹಳೇ ಕೂಲರ್ ಅಲ್ಯೂಮಿನಿಯಂ, ಪೈಪಿನ ನಟ್ಟು ಗಟ್ಟಿ ಲೋಹ. ಮೂವತ್ತು ವರ್ಷ ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ಇದನ್ನು ಎರಡು ಸ್ಪ್ಯಾನರ್ ಹಾಕಿ ಬಿಚ್ಚಬೇಕು, ಒಂದು ಕೂಲರಿನ ಬಾಯಿ ಹಿಡಿಯೋಕೆ, ಇನ್ನೊಂದು ನಟ್ಟಿಗೆ. ನಾನು ಒಂದೇ ಹಾಕಿ, ಅದಕ್ಕೆ ಉದ್ದನೆಯ ಪೈಪ್ ಸಿಕ್ಕಿಸಿ ಎಳೆದೆ. ನಟ್ಟು ಬಂತು, ಜೊತೆಗೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಕೂಲರಿನ ಥ್ರೆಡ್ಡೂ ಬಂತು. ಹೋಗಲಿ ಬಿಡು, ಹೇಗೂ ಹೊಸದು ಹಾಕುತ್ತಿದ್ದೇನಲ್ಲ ಅಂದುಕೊಂಡೆ.

ಹೊಸದನ್ನು ರೇಡಿಯೇಟರ್ ಮುಂದೆ ಕೂರಿಸಿದೆ. ಅಂದರೆ ಆಯಿಲ್ಲಿನ ಬಿಸಿ ಗಾಳಿಯೆಲ್ಲ ನೇರ ರೇಡಿಯೇಟರ್ ಮೇಲೆ. ಕಿಟ್‌ನ ಹೋಸ್ ಡ್ಯಾಶ್ 8 ಅಳತೆಯದು (ಸಂಖ್ಯೆ ದೊಡ್ಡದಾದಷ್ಟೂ ಹೋಸ್ ದಪ್ಪ). ಈ ಇಂಜಿನ್ನಿಗೆ ಕಡಿಮೆ ಅಂದರೂ ಡ್ಯಾಶ್ 10 ಬೇಕು. ಪಂಪ್ ತಳ್ಳುವ ಆಯಿಲ್ ಅಷ್ಟಿರುತ್ತದೆ. ಥರ್ಮೋಸ್ಟಾಟಂತೂ ಇರಲೇ ಇಲ್ಲ. ಮಾಜ್ದಾದವರ ಅಸಲಿ ಕೂಲರಿನೊಳಗೇ ಅದು ಇರುತ್ತದೆ. ಆಯಿಲ್ ತಣ್ಣಗಿದ್ದರೆ ಕೂಲರಿನ ಒಳಕ್ಕೆ ಹೋಗಲು ಬಿಡದೆ ಅಡ್ಡದಾರಿಯಲ್ಲಿ ವಾಪಸ್ ಕಳಿಸುತ್ತದೆ.

ಚಳಿಗಾಲ ಬಂತು. ಬುದ್ಧಿ ಸ್ವಲ್ಪ ತಡವಾಗಿ ಬಂದು ಆಯಿಲ್ ಬಿಸಿ ಅಳೆಯುವ ಗೇಜ್ ಒಂದು ಹಾಕಿಸಿದೆ. ಬೆಳಗ್ಗೆ ಆಫೀಸು ಮುಟ್ಟುವವರೆಗೂ ಮುಳ್ಳು 60 ಡಿಗ್ರಿ ದಾಟುತ್ತಿರಲಿಲ್ಲ. ತಣ್ಣಗಿದ್ದರೆ ಒಳ್ಳೇದೇ ಅಂತ ಖುಷಿಪಟ್ಟೆ. ಒಳ್ಳೇದಲ್ಲ. ಇಂಜಿನ್ನಿನ ಶಾಫ್ಟಿನ ಮುಂಭಾಗದಲ್ಲಿ ಇನ್ನೊಂದು ಪುಟ್ಟ ವಾಲ್ವ್ ಇದೆ. ಆಯಿಲ್ ಬಿಸಿಯಾಗುವವರೆಗೆ ಅದು ತೆರೆದೇ ಇದ್ದು, ರೋಟರ್‌ಗಳೊಳಗೆ ಚಿಮ್ಮಬೇಕಾದ ಆಯಿಲ್ಲನ್ನು ಹಾಗೇ ಕೆಳಗೆ ಬಿಡುತ್ತದೆ. ಅಂದರೆ ಆಯಿಲ್ ತಣ್ಣಗಿರುವಷ್ಟು ಹೊತ್ತೂ ರೋಟರ್ ಬಾಯಾರಿಕೊಂಡೇ ಇರುತ್ತದೆ. ಅದೇ ಕೂಲರ್ ಬೇಸಿಗೆಯಲ್ಲಿ ಏರು ಹತ್ತುವಾಗ 120 ಡಿಗ್ರಿ ತೋರಿಸಿತು. ಚಳಿಯಲ್ಲಿ ಕೊಡೆ, ಬಿಸಿಲಲ್ಲಿ ಕಂಬಳಿ.

ಆಗಸ್ಟಿನಲ್ಲಿ, ಶ್ರಾವಣ ಶುರುವಾದ ಮೇಲೆ, ಮೌಂಟನ್ ಹೌಸ್ ಅನ್ನುವ ಊರಿನಲ್ಲಿ ಸ್ನೇಹಿತರ ಗೃಹಪ್ರವೇಶ. ನಾನು ರೇಷ್ಮೆ ಪಂಚೆ, ಪಕ್ಕದಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಕೇಸರಿಬಾತಿನ ಡಬ್ಬಿ. 580 ಹೈವೇಯಲ್ಲಿ ಆಲ್ಟಮಾಂಟ್ ಏರು ಹತ್ತುತ್ತಿದ್ದೆವು, ಎರಡೂ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳು. "ರೀ, ಹಿಂದೆ ನೋಡಿ, ಹೊಗೆ!" ಅಂದಳು. ಕನ್ನಡಿಯಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ, ಎಲ್ಲ ಬಿಳಿ. ಸೋರಿದ ಆಯಿಲ್ ಸುಡುವ ಎಕ್ಸಾಸ್ಟ್ ಪೈಪಿನ ಮೇಲೆ ಬೀಳುತ್ತಿತ್ತು. ಯಾವಾಗಲೂ 60ರ ಮೇಲೆ ನಿಲ್ಲುತ್ತಿದ್ದ ಪ್ರೆಶರ್ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ನಾಲ್ಕನೇ ಲೇನಿನಿಂದ ಪಕ್ಕಕ್ಕೆ ಬಂದು ಇಂಜಿನ್ ಆಫ್ ಮಾಡುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಬೆಂಕಿ ಹತ್ತಲಿಲ್ಲ, ಅದೊಂದು ಪುಣ್ಯ. ರೇಷ್ಮೆ ಪಂಚೆ ಉಟ್ಟು ಹೈವೇ ಪಕ್ಕ ನಿಂತು ಟೋ ಗಾಡಿಗೆ ಒಂದೂವರೆ ಗಂಟೆ ಕಾದೆವು. ಕೇಸರಿಬಾತು ಅಲ್ಲೇ ಖಾಲಿಯಾಯಿತು.

ಸ್ಯಾನ್ ಹೋಸೆಯಲ್ಲಿ ರೋಟರಿ ಕೆಲಸ ಮಾತ್ರ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಕಾರು ಮೇಲೆತ್ತಿ ಟಾರ್ಚ್ ಬಿಟ್ಟು ತೋರಿಸಿದರು. ಕೆಳಗಿನ ಚೌಕಟ್ಟಿನ ಅಂಚಿಗೆ ತಾಗಿಕೊಂಡು ಹೋಸ್ ಹೋಗಿತ್ತು. ಇಂಜಿನ್ ಅಲುಗಿದಾಗೆಲ್ಲ ಅದೂ ಉಜ್ಜಿದೆ. ಆ ಸ್ಟೀಲ್ ಹೆಣಿಗೆ ಇದೆಯಲ್ಲ, ಅದು ಅರ ಇದ್ದಹಾಗೆ. ಚೌಕಟ್ಟಿನ ಬಣ್ಣ ಹೋಗಿ ಬೆರಳುಗುರು ಅಗಲದ ಹೊಳೆಯುವ ಕಚ್ಚು ಬಿದ್ದಿತ್ತು. ಹೋಸಿನ ಎಳೆಗಳು ಒಂದೊಂದೇ ಹರಿದು ಒಳಗಿನ ರಬ್ಬರ್ ಸೀಳಿತ್ತು. ಇಂಜಿನ್ ಬಿಚ್ಚಿದಾಗ ಬೇರಿಂಗಿನ ಬೂದು ಪದರವೆಲ್ಲ ಹೋಗಿ ತಾಮ್ರದ ಬಣ್ಣ ಕಾಣುತ್ತಿತ್ತು.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಹಳೇ ಕೂಲರ್ ತೆಗೆಯುವ ಮುಂಚೆ ಆಯಿಲ್ ಎಷ್ಟು ಬಿಸಿಯಾಗುತ್ತಿತ್ತು?" ನಾನು ಸುಮ್ನೆ ನಿಂತೆ. ಆಮೇಲೆ ಅವರು ಬಂಪರಿನ ಕೆಳಗೆ ಬೆರಳು ತೋರಿಸಿದರು. ಅಲ್ಲಿ ಏನೂ ಇರಲಿಲ್ಲ. ಇರಬೇಕಿತ್ತು. ಮೂತಿಯ ಕೆಳಗೆ ಒಂದು ಪ್ಲಾಸ್ಟಿಕ್ ಹೊದಿಕೆ ಬರುತ್ತದೆ. ಬಂಪರಿನಿಂದ ಒಳಗೆ ಬಂದ ಗಾಳಿ ಕೆಳಗೆ ಜಾರಿ ಹೋಗದೆ ಕೂಲರ್, ರೇಡಿಯೇಟರ್ ಮೂಲಕವೇ ಹಾಯುವಂತೆ ಮಾಡುವುದು ಅದೇ. ಹಿಂದಿನ ಯಾರೋ ಮಾಲೀಕ ಆಯಿಲ್ ಬದಲಿಸುವಾಗ ತೆಗೆದು ಮತ್ತೆ ಹಾಕೇ ಇಲ್ಲ. ಊರೊಳಗೆ ಫ್ಯಾನ್ ಎಳೆಯುತ್ತದೆ, ತೊಂದರೆ ಗೊತ್ತಾಗುವುದಿಲ್ಲ. ವೇಗ ಹೆಚ್ಚಿದಾಗ ಮಾತ್ರ ಗೊತ್ತಾಗುತ್ತದೆ. ನನ್ನ ಕಾರಿನ ರೋಗಲಕ್ಷಣ ಸರಿಯಾಗಿ ಇದೇ! ಹಳೇ ಕೂಲರ್ ಸತ್ತಿರಲಿಲ್ಲ, ಅದನ್ನು ಕೊಂದವನು ನಾನು.

ಇಂಜಿನ್ ಕೆಲಸಕ್ಕೆ ಕಾರು ಕೊಂಡ ಬೆಲೆಗಿಂತ ಜಾಸ್ತಿ ಆಯಿತು, ಮೊತ್ತ ಬರೆಯುವುದಿಲ್ಲ, ಈ ಬರಹ ಮನೆಯಲ್ಲೂ ಓದುತ್ತಾರೆ. ಇನ್ನೊಂದು ಕಾರಿನಿಂದ ಬಿಚ್ಚಿದ ಅಸಲಿ ಕೂಲರ್ 350 ಡಾಲರ್. ಹೊದಿಕೆ ಎಲ್ಲೂ ಸಿಗಲಿಲ್ಲ. 60 ಡಾಲರಿನ ಅಲ್ಯೂಮಿನಿಯಂ ಶೀಟ್ ತಂದು ನಾನೇ ಕತ್ತರಿಸಿ ಬಗ್ಗಿಸಿ ಕಟ್ಟಿದೆ. ನೋಡೋಕೆ ದೋಸೆ ಕಾವಲಿ ಸಿಕ್ಕಿಸಿದ ಹಾಗಿದೆ. ಈ ಬೇಸಿಗೆಯಲ್ಲಿ ಅದೇ ಏರು, ಅದೇ ಬಿಸಿಲು. ಆಯಿಲ್ 95 ಡಿಗ್ರಿ, ನೀರಿನ ಮುಳ್ಳು ಅಲ್ಲಾಡಲಿಲ್ಲ.

ಸರ್ಕ್ಯೂಟಿನಲ್ಲಿ ಓಡಿಸುವವರಿಗೆ, ಇಂಜಿನ್ನಿನ ಶಕ್ತಿ ಹೆಚ್ಚಿಸಿದವರಿಗೆ ದೊಡ್ಡ ಕೂಲರ್ ಬೇಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಅವರೂ ಮೊದಲು ಗೇಜ್ ಹಾಕಿ ಅಳೆಯಲಿ. ಇನ್ನು ನನ್ನ ಹಾಗೆ ಅಗ್ಗದ ಕಿಟ್ ಈಗಾಗಲೇ ಹಾಕಿಸಿಕೊಂಡವರು ಇವತ್ತೇ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಹೋಸಿನ ಉದ್ದಕ್ಕೂ ನೋಡಿ. ಹೆಣಿಗೆ ಎಲ್ಲಾದರೂ ಲೋಹಕ್ಕೆ ತಾಗುತ್ತಿದ್ದರೆ, ಅಲ್ಲಿ ಬಣ್ಣ ಹೋಗಿ ಬೆಳ್ಳಗೆ ಕಾಣುತ್ತಿದ್ದರೆ, ನಾಳೆ ಆ ಕಾರು ಹೊರಗೆ ತೆಗೆಯಬೇಡಿ.